ತಿರುಗಿಸಿದರೆ ಟಕ ಟಕ: ಹಳೆ ಕಾರಿನ ಮುಂದಿನ ಆಕ್ಸಲ್ ಬದಲಿಸಿದ್ದು

ದೇವರಾಯನದುರ್ಗದ ತಿರುವುಗಳಲ್ಲಿ ನಮ್ಮ ಹಳೆ ಮಾರುತಿ 800 ಟಕ ಟಕ ಅನ್ನತೊಡಗಿತ್ತು. ನೇರ ರಸ್ತೆಯಲ್ಲಿ ಸದ್ದಿಲ್ಲ. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಜಾಸ್ತಿ. ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಶಕ್ತಿ ಒಯ್ಯುವ ದಂಡವೇ ಆಕ್ಸಲ್. ಅದರ ಹೊರತುದಿಯ ಸಿವಿ ಜಾಯಿಂಟ್, ಅಂದರೆ ಚಕ್ರ ಓರೆಯಾದಾಗಲೂ ಶಕ್ತಿ ದಾಟಿಸುವ ಕೀಲು, ಸವೆದರೆ ಹೀಗೇ ಅಲ್ವಾ?

ಬಗ್ಗಿ ನೋಡಿದೆ. ಆ ಕೀಲನ್ನು ಮುಚ್ಚುವ, ವಯಸ್ಸಾದ ರಬ್ಬರ್ ಬೂಟ್ ಸೀಳಿತ್ತು. ರಿಮ್ ಒಳಗೆಲ್ಲ ಕಪ್ಪು ಗ್ರೀಸ್ ಚಿಮ್ಮಿ, ಅದರ ಮೇಲೆ ಕೆಂಪು ಧೂಳು ಮೆತ್ತಿಕೊಂಡಿತ್ತು. ಬೂಟ್ ಹರಿದ ಹೊಸತರಲ್ಲೇ ಕಂಡರೆ ಬೂಟ್, ಗ್ರೀಸ್ ಬದಲಿಸಿದರೆ ಸಾಕು. ಸದ್ದು ಶುರುವಾದ ಮೇಲೆ ಅದು ಸುಮ್ನೆ ಖರ್ಚು. ತುಮಕೂರಿನ ಬಿ.ಎಚ್. ರಸ್ತೆಯಿಂದ ಎರಡೂ ಬದಿಯ ಆಕ್ಸಲ್ ಸೆಟ್ ತಂದೆ.

ಆಕ್ಸಲ್ ತುದಿಯನ್ನು ಚಕ್ರದ ನಡುವಿಗೆ ಬಿಗಿದಿಡುವ ಹಬ್ ನಟ್ಟನ್ನು ಚಕ್ರ ನೆಲದಲ್ಲಿದ್ದಾಗಲೇ ಸಡಿಲಿಸಬೇಕು. ಜಾಕ್ ಮೇಲಿರುವ ಕಾರಿಗೆ ಅಷ್ಟು ಬಲ ಹಾಕುವುದು ಅಪಾಯ. ಆಮೇಲೆ ಕಾರನ್ನು ಎತ್ತಿ ಸ್ಟ್ಯಾಂಡ್ ಕೊಟ್ಟು, ಗೇರ್ ಆಯಿಲ್ ಇಳಿಸಿ, ಚಕ್ರದ ಭಾಗವನ್ನು ಕೆಳಗಿನ ತೋಳಿಗೆ ಸೇರಿಸುವ ಬಾಲ್ ಜಾಯಿಂಟ್ ಬಿಡಿಸಿದೆ. ಒಳತುದಿಗೆ ಲಿವರ್ ಕೊಟ್ಟು ಮೀಟಿದಾಗ ಆಕ್ಸಲ್ ಹೊರಬಂತು. ಅಲ್ಲಿ ಆಯಿಲ್ ಸೋರದಂತೆ ತಡೆಯುವ ಗೇರ್‌ಬಾಕ್ಸ್ ಆಯಿಲ್ ಸೀಲನ್ನೂ ಆಗಲೇ ಬದಲಿಸಿಬಿಡಿ, ಅಗ್ಗದ ವಸ್ತು. ಹೊಸ ಆಕ್ಸಲ್ ತೂರಿಸುವಾಗ ಸೀಲಿನ ತುಟಿಗೆ ಗೀರು ಬೀಳಬಾರದು. ಆಕ್ಸಲನ್ನು ಒಳಗೆ ಹಿಡಿದಿಡುವ ಲಾಕ್ ರಿಂಗ್ ಕೂತಾಗ ‘ಟಕ್’ ಅಂತ ಕೈಗೆ ಗೊತ್ತಾಗುತ್ತದೆ. ಎಳೆದು ನೋಡಿ, ಬರಬಾರದು.

ಹಬ್ ನಟ್ಟನ್ನು ಬಿಗಿತ ಅಳೆದು ತೋರಿಸುವ ಟಾರ್ಕ್ ರೆಂಚಿನಿಂದಲೇ ಬಿಗಿ ಮಾಡಿ, ಲಾಕ್ ಮಾಡಿದೆ. ಹೊಸ ಗೇರ್ ಆಯಿಲ್ ತುಂಬಿ, ಸ್ವಲ್ಪ ಓಡಿಸಿ, ಸೀಲಿನ ಹತ್ತಿರ ಜಿನುಗು ಇದೆಯಾ ಅಂತ ಬೆರಳಾಡಿಸಿ ನೋಡಿದೆ. ಒಣಗಿತ್ತು.