ಕೆಲಸದ ಒತ್ತಡಕ್ಕೆ ಆಪ್ತಸಮಾಲೋಚನೆ ಪಡೆಯುವುದು ಹೇಗೆ?

ಭಾನುವಾರ ಸಂಜೆಯಾಗುತ್ತಿದ್ದಂತೆ ಎದೆ ಭಾರವಾಗುವುದು, ನಿದ್ದೆ ಕೆಡುವುದು, ಕಚೇರಿಯ ಸಿಟ್ಟನ್ನು ಮನೆಯವರ ಮೇಲೆ ತೀರಿಸಿಕೊಳ್ಳುವುದು ವಾರಗಟ್ಟಲೆ ಮುಂದುವರಿದರೆ ಆಪ್ತಸಮಾಲೋಚಕರನ್ನು ಕಾಣುವುದು ಒಳಿತು. ಯಾರನ್ನು ಕಾಣಬೇಕೆಂದು ತಿಳಿಯದವರು ಮೊದಲು 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದ ಈ ಟೆಲಿ ಮಾನಸ್ ಸೇವೆ ಉಚಿತವಾಗಿದ್ದು, ದಿನದ 24 ಗಂಟೆಯೂ ಕನ್ನಡದಲ್ಲೇ ಮಾತನಾಡಲು ಅವಕಾಶವಿದೆ.

ಹಲವು ದೊಡ್ಡ ಕಂಪನಿಗಳು ಹೊರಗಿನ ಸಂಸ್ಥೆಯೊಂದರ ಮೂಲಕ ತಮ್ಮ ನೌಕರರಿಗೆ ಸಮಾಲೋಚನೆಯ ವ್ಯವಸ್ಥೆ ಮಾಡಿರುತ್ತವೆ. ಅದನ್ನು ಬಳಸುವ ಮುನ್ನ ನಿಮ್ಮ ಹೆಸರಾಗಲಿ ಮಾತಾಗಲಿ ಎಚ್‌ಆರ್‌ಗೆ ತಲುಪುತ್ತದೆಯೇ ಎಂದು ನೇರವಾಗಿ ಕೇಳಿ; ಇದು ಅನುಮಾನದ ಪ್ರಶ್ನೆಯಲ್ಲ, ಕೇಳಲೇಬೇಕಾದ ಪ್ರಶ್ನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಚಿಕಿತ್ಸೆ ಪಡೆಯುವವರಿಗೆ ಗೋಪ್ಯತೆಯ ಹಕ್ಕನ್ನು ನೀಡಿದೆ, ಆದರೆ ಜೀವಕ್ಕೆ ಅಪಾಯವಿರುವಂಥ ಕೆಲವು ಸಂದರ್ಭಗಳು ಇದಕ್ಕೆ ಹೊರತಾಗಿವೆ.

ಮೊದಲ ಭೇಟಿಗೆ ಹೋಗುವಾಗ ದೂರುಗಳನ್ನಲ್ಲ, ಘಟನೆಗಳನ್ನು ಬರೆದುಕೊಂಡು ಹೋಗಿ. "ಮೇಲಧಿಕಾರಿ ಸರಿಯಿಲ್ಲ" ಎಂಬ ಮಾತಿನಿಂದ ಸಮಾಲೋಚಕರಿಗೆ ಹೆಚ್ಚೇನೂ ತಿಳಿಯುವುದಿಲ್ಲ. "ಸಂಜೆ 6ಕ್ಕೆ ಹೊರಟು ನಿಂತಾಗ ಹೊಸ ಕೆಲಸ ಒಪ್ಪಿಸಿದರು, ಆಗುವುದಿಲ್ಲ ಎನ್ನಲು ನಾಲಿಗೆ ಏಳಲಿಲ್ಲ, ರಾತ್ರಿಯಿಡೀ ಅದೇ ಯೋಚನೆ" ಎಂದರೆ ಕೆಲಸದ ಹೊರೆ ಯಾವುದು, ಹೇಳಲಾಗದ ಸಂಕೋಚ ಯಾವುದು ಎಂಬುದು ಬೇರೆಬೇರೆಯಾಗಿ ಕಾಣತೊಡಗುತ್ತದೆ. ಸಂಕೋಚವೇ ಮುಖ್ಯ ತೊಡಕಾಗಿದ್ದರೆ, ಸಮಾಲೋಚಕರ ಎದುರೇ ಆ ಮಾತನ್ನು ಆಡಿ ಅಭ್ಯಾಸ ಮಾಡಬಹುದು: "ಮಾಡುತ್ತೇನೆ ಸರ್, ಆದರೆ ಇವತ್ತಿನ ವರದಿ ನಾಳೆಗೆ ಹೋಗುತ್ತದೆ, ಯಾವುದು ಮೊದಲು ಬೇಕು?" ಕೇಳಲು ಸಣ್ಣದೆನಿಸುವ ಈ ಅಭ್ಯಾಸ, ನನ್ನ ಅಭಿಪ್ರಾಯದಲ್ಲಿ, ಸಮಾಧಾನದ ಹತ್ತು ಮಾತುಗಳಿಗಿಂತ ಹೆಚ್ಚು ಉಪಯುಕ್ತ.

ಕೆಲಸ ಬಿಡಬೇಕೋ ಬೇಡವೋ ಎಂಬ ತೀರ್ಪನ್ನು ಅವರಿಂದ ನಿರೀಕ್ಷಿಸಬೇಡಿ. ಕೆಲವು ಭೇಟಿಗಳ ನಂತರವೂ ಮನಸ್ಸು ಬಿಚ್ಚಿ ಮಾತನಾಡಲಾಗದಿದ್ದರೆ ಬೇರೆಯವರನ್ನು ಹುಡುಕುವುದರಲ್ಲಿ ತಪ್ಪಿಲ್ಲ. ಬದುಕೇ ಬೇಡ ಎನಿಸುತ್ತಿದ್ದರೆ ಮಾತ್ರ ಮುಂದಿನ ಭೇಟಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ ಮನೋವೈದ್ಯರನ್ನು ಕಾಣಬೇಕು.

ಎಲ್ಲ ಕಷ್ಟಕ್ಕೂ ಪರಿಹಾರ ನೌಕರನ ಮನಸ್ಸಿನೊಳಗೇ ಇರುವುದಿಲ್ಲ. ಸಂಬಳ ತಡೆಹಿಡಿದರೆ ಅದಕ್ಕೆ ಕಾರ್ಮಿಕ ಇಲಾಖೆಯಿದೆ. ಮಹಿಳೆಗೆ ಲೈಂಗಿಕ ಕಿರುಕುಳವಾಗಿದ್ದರೆ 2013ರ ಕಾಯ್ದೆಯಂತೆ ಸಂಸ್ಥೆಯ ಆಂತರಿಕ ಸಮಿತಿಗೆ ಸಾಮಾನ್ಯವಾಗಿ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕಾಗುತ್ತದೆ. ಸಮಾಲೋಚನೆ ಮುಗಿಯಲೆಂದು ಕಾಯುತ್ತಾ ಆ ಗಡುವನ್ನು ಕಳೆದುಕೊಳ್ಳಬಾರದು.