ವಿಜಯಪುರದ ಬಿಸಿಲಲ್ಲಿ ಗ್ರಾಫಿಕ್ಸ್ ಕಾರ್ಡ್ ತಂಪಾಗಿಡುವುದು ಹೇಗೆ?

ಏಪ್ರಿಲ್ ಬಂತು ಅಂದರೆ ವಿಜಯಪುರದಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ನಮ್ಮ ಮನೆಯ ಮಹಡಿ ರೂಮಿನಲ್ಲಿ ರಾತ್ರಿ ಹನ್ನೊಂದಕ್ಕೆ ಗೋಡೆ ಮುಟ್ಟಿದರೂ ಬಿಸಿ, ಹಗಲೆಲ್ಲ ಕಾದ ಸ್ಲ್ಯಾಬ್ ರಾತ್ರಿಯಿಡೀ ಆರುವುದೇ ಇಲ್ಲ. ಅಂಥ ರೂಮಲ್ಲಿ ಒಮ್ಮೆ ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ರೆಂಡರ್ (3ಡಿ ದೃಶ್ಯವನ್ನು ಚಿತ್ರವಾಗಿ ಮೂಡಿಸುವ ಕೆಲಸ) ಹಚ್ಚಿ ಮಲಗಿದ್ದೆ. ಬೆಳಗ್ಗೆ ನೋಡಿದರೆ ಅರ್ಧ ಕೆಲಸವೂ ಮುಗಿದಿರಲಿಲ್ಲ. ಕಾರ್ಡ್ ಕೆಟ್ಟಿರಲಿಲ್ಲ, ಬಿಸಿ ತಾಳದೆ ತಾನೇ ವೇಗ ಇಳಿಸಿಕೊಂಡಿತ್ತು.

ಗೇಮ್ ಆಡುವಾಗ ಕಾರ್ಡಿಗೆ ನಡುನಡುವೆ ಬಿಡುವು ಸಿಗುತ್ತದೆ. ರೆಂಡರ್, ಎಐ ತರಬೇತಿಯಂಥ ಕೆಲಸದಲ್ಲಿ ಬಿಡುವೇ ಇಲ್ಲ, ಹಗಲು ರಾತ್ರಿ ಒಂದೇ ಸಮನೆ ದುಡಿತ.

ಮೊದಲು ಬಿಸಿ ಎಲ್ಲಿದೆ ನೋಡಿ. ವಿಂಡೋಸ್‌ನಲ್ಲಿ ಬಿಸಿ ತೋರಿಸುವ ಜಿಪಿಯು-ಝಡ್ ಅಥವಾ ಎಚ್‌ಡಬ್ಲ್ಯುಇನ್ಫೋ ಎಂಬ ತಂತ್ರಾಂಶ ಹಾಕಿಕೊಂಡು, ಕಾರ್ಡಿಗೆ ಅರ್ಧ ಗಂಟೆ ಪೂರ್ತಿ ಕೆಲಸ ಕೊಟ್ಟು, ಮುಖ್ಯ ಚಿಪ್‌ನ ಬಿಸಿಯ ಜೊತೆಗೆ ಮೆಮೊರಿ ಬಿಸಿಯನ್ನೂ ನೋಡಿ ಬರೆದಿಡಿ. ಬಹಳ ಜನ ಎಡವುವುದು ಇಲ್ಲೇ. ನನ್ನ ಆರ್‌ಟಿಎಕ್ಸ್ 3090 ಕಾರ್ಡಿನಲ್ಲಿ ಚಿಪ್ 74 ಡಿಗ್ರಿ ತೋರಿಸುತ್ತಿತ್ತು, ಎಲ್ಲ ಸರಿ ಇದೆ ಅಂದುಕೊಂಡಿದ್ದೆ. ಮೆಮೊರಿ ನೋಡಿದರೆ 108! ಇದರಲ್ಲಿರುವ ಜಿಡಿಡಿಆರ್6ಎಕ್ಸ್ ಎಂಬ ಬಗೆಯ ಮೆಮೊರಿ 110ರ ಹತ್ತಿರ ಬಂದರೆ ಕಾರ್ಡ್ ವೇಗ ಇಳಿಸುತ್ತದೆ. ಅದೂ ಅಲ್ಲದೆ 3090ರಲ್ಲಿ ಅರ್ಧ ಮೆಮೊರಿ ಚಿಪ್‌ಗಳು ಬೋರ್ಡಿನ ಹಿಂಬದಿಗಿವೆ, ಫ್ಯಾನ್ ಗಾಳಿ ಅಲ್ಲಿಗೆ ತಲುಪುವುದೇ ಇಲ್ಲ.

ಎರಡನೆಯದು ಪವರ್ ಲಿಮಿಟ್, ಅಂದರೆ ಕಾರ್ಡ್ ಎಷ್ಟು ಕರೆಂಟ್ ಎಳೆಯಬಹುದು ಅನ್ನುವ ಮಿತಿ. ಒಂದೇ ಒಂದು ಕೆಲಸ ಮಾಡುತ್ತೇನೆ ಅನ್ನುವವರು ಇದನ್ನೇ ಮಾಡಿ. ಕಾರ್ಡ್ ಎಳೆಯುವ ಕರೆಂಟೆಲ್ಲ ಕೊನೆಗೆ ಬಿಸಿಯಾಗಿ ರೂಮಿಗೇ ಬರುತ್ತದೆ, ಅಂದರೆ 350 ವ್ಯಾಟ್‌ನ ಸಣ್ಣ ಹೀಟರ್ ಬೇಸಿಗೆಯಲ್ಲಿ ಪಕ್ಕದಲ್ಲೇ ಇಟ್ಟುಕೊಂಡಂತೆ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ತಂತ್ರಾಂಶದಲ್ಲಿ ಪವರ್ ಲಿಮಿಟ್ ಅನ್ನು ಶೇಕಡಾ 80ಕ್ಕೆ ಇಳಿಸಿ. ಲಿನಕ್ಸ್‌ನಲ್ಲಾದರೆ ಎನ್‌ವಿಡಿಯಾ-ಎಸ್‌ಎಂಐ ಕಮಾಂಡಿನಿಂದ ಆಗುತ್ತದೆ, ಆದರೆ ರೀಸ್ಟಾರ್ಟ್ ಆದ ಮೇಲೆ ಮತ್ತೆ ಕೊಡಬೇಕು. ನನ್ನಲ್ಲಿ 350 ವ್ಯಾಟ್ 280ಕ್ಕೆ ಇಳಿಯಿತು. ರೆಂಡರಿನಲ್ಲಿ 60 ಸೆಕೆಂಡ್ ಹಿಡಿಯುತ್ತಿದ್ದ ಒಂದು ಫ್ರೇಮಿಗೆ (ಒಂದು ಚಿತ್ರಕ್ಕೆ) ಈಗ 63-64 ಬೇಕು, ಅಷ್ಟೇ. ದಿನವಿಡೀ ಓಡಿಸಿದರೆ ತಿಂಗಳಿಗೆ ಸುಮಾರು 50 ಯೂನಿಟ್ ಕರೆಂಟ್ ಉಳಿತಾಯ, ಅದೇನು ಸಣ್ಣದಲ್ಲ ಅಲ್ವಾ?

ಆಮೇಲೆ ಗಾಳಿ. ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು ಹತ್ತು ನಿಮಿಷ ಓಡಿಸಿ ನೋಡಿ. ಬಿಸಿ ಐದಾರು ಡಿಗ್ರಿ ಇಳಿದರೆ ಒಳಗೆ ಗಾಳಿ ಸಾಲುತ್ತಿಲ್ಲ ಎಂದೇ ಅರ್ಥ, ಕ್ಯಾಬಿನೆಟ್ಟಿನ ಮುಂಭಾಗದಲ್ಲಿ ಒಂದು ಫ್ಯಾನ್ ಹೆಚ್ಚಿಗೆ ಹಾಕಿ. ಬಾಗಿಲು ತೆಗೆದೇ ಇಡಬೇಡಿ, ನಮ್ಮ ಕಡೆಯ ಧೂಳು ಸುಮ್ನೆ ಬಿಡುವುದಿಲ್ಲ. ರೂಮು 10 ಡಿಗ್ರಿ ಬಿಸಿಯಾದರೆ ಕಾರ್ಡೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ, ಹಾಗಾಗಿ ನಾನು ಕಂಪ್ಯೂಟರನ್ನು ಕೆಳಗಿನ ಕಲ್ಲುಗೋಡೆಯ ಕೋಣೆಗೆ ಇಳಿಸಿದೆ, ಕಿಟಕಿಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆ. ಒಣ ಬಿಸಿಲಿಗೆ ಏರ್ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಕಿಟಕಿ ಮಾತ್ರ ತೆರೆದಿರಬೇಕು. ಕಂಪ್ಯೂಟರ್ ಕಡೆಗೆ ತಿರುಗಿಸಬೇಡಿ. ಬೋರ್ ನೀರಿನ ಹನಿ ಸಿಡಿದರೆ ಉಪ್ಪು ಬೋರ್ಡಿನ ಮೇಲೇ ಕೂರುತ್ತದೆ.

ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಧೂಳು ತೆಗೆಯಿರಿ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿಂದ ತಡೆದಿರಬೇಕು, ಜೋರಾಗಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಇಷ್ಟಾದರೂ ಮೆಮೊರಿ 100 ದಾಟುತ್ತಿದ್ದರೆ, ಅದರ ಬಿಸಿಯನ್ನು ಹೀಟ್‌ಸಿಂಕಿಗೆ (ಬಿಸಿ ಹೊರಹಾಕುವ ಲೋಹದ ಭಾಗಕ್ಕೆ) ದಾಟಿಸುವ ಥರ್ಮಲ್ ಪ್ಯಾಡ್ ಬದಲಿಸಬೇಕು. ವಾರಂಟಿ ಇದ್ದರೆ ಕಾರ್ಡ್ ಬಿಚ್ಚುವ ಮುಂಚೆ ಅದರ ಷರತ್ತು ಓದಿಕೊಳ್ಳಿ. ಸ್ಕ್ರೂ ಬಿಚ್ಚಿದ ಮೇಲೆ ಹೀಟ್‌ಸಿಂಕನ್ನು ಒಮ್ಮೆಲೇ ಎತ್ತಬೇಡಿ, ಫ್ಯಾನಿನ ತೆಳ್ಳಗಿನ ವೈರು ಇನ್ನೂ ಬೋರ್ಡಿಗೆ ಸಿಕ್ಕಿಕೊಂಡಿರುತ್ತದೆ. ಬೆರಳು ಒಳಗೆ ಹೋಗುವಷ್ಟು ಮಾತ್ರ ಎತ್ತಿ, ಕನೆಕ್ಟರ್ ಹಿಡಿದು ನಿಧಾನಕ್ಕೆ ಬಿಡಿಸಿ. ಪ್ಯಾಡಿನ ದಪ್ಪ ಹಳೆಯದರಷ್ಟೇ ಇರಲಿ. ಅರ್ಧ ಮಿಲಿಮೀಟರ್ ಜಾಸ್ತಿಯಾದರೂ ಹೀಟ್‌ಸಿಂಕ್ ಮೇಲೆದ್ದು ಮುಖ್ಯ ಚಿಪ್‌ಗೆ ತಾಗುವುದಿಲ್ಲ. ಚಿಪ್ ಮೇಲಿನ ಹಳೆ ಥರ್ಮಲ್ ಪೇಸ್ಟ್ (ಬಿಸಿ ದಾಟಿಸುವ ಲೇಪ) ಒರೆಸಿ ಹೊಸದು ಹಚ್ಚಿ. ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿ ಮಾಡಿ. ಮತ್ತೆ ಅರ್ಧ ಗಂಟೆ ಓಡಿಸಿ, ಮೊದಲು ಬರೆದಿಟ್ಟ ಅಂಕಿಯ ಪಕ್ಕದಲ್ಲೇ ಹೊಸದನ್ನೂ ಬರೆಯಿರಿ. ನನ್ನ ಮೆಮೊರಿ ಈಗ ಮಧ್ಯಾಹ್ನ ಮೂರಕ್ಕೂ 90 ದಾಟುತ್ತಿಲ್ಲ.