ಪೆನ್‌ಡ್ರೈವ್ ಖಾಲಿ ಇದೆ, ಆದರೂ ಫೈಲ್ ಕಾಪಿ ಆಗ್ತಿಲ್ವಾ?

32 ಜಿಬಿಯ ಪೆನ್‌ಡ್ರೈವ್, ಒಳಗೆ ಏನೂ ಇಲ್ಲ. ಹಾಕಬೇಕಿರುವ ಮದುವೆ ವಿಡಿಯೊ 6 ಜಿಬಿ. ಆದರೂ ವಿಂಡೋಸ್ ತಕರಾರು ತೆಗೆಯುತ್ತದೆ: ಈ ಫೈಲ್ ತುಂಬಾ ದೊಡ್ಡದು, ಅಲ್ಲಿನ ಫೈಲ್ ಸಿಸ್ಟಂಗೆ ಆಗುವುದಿಲ್ಲ. ಹೆಚ್ಚಿನವರು ಮೊದಲು ಬೈಯುವುದು ಪೆನ್‌ಡ್ರೈವ್ ಮಾರಿದ ಅಂಗಡಿಯವನನ್ನು. ಪಾಪ, ಅವನ ತಪ್ಪೇನೂ ಇಲ್ಲ.

ಪೆನ್‌ಡ್ರೈವ್ ಫ್ಯಾಟ್32 ಎಂಬ ಫಾರ್ಮ್ಯಾಟ್‌ನಲ್ಲಿದ್ದರೆ ಹೀಗಾಗುತ್ತದೆ (ಫಾರ್ಮ್ಯಾಟ್ ಅಥವಾ ಫೈಲ್ ಸಿಸ್ಟಂ ಎಂದರೆ ಡ್ರೈವ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಕ್ರಮ). ಇದು 1996ರಲ್ಲಿ ವಿಂಡೋಸ್ 95ರ ಪರಿಷ್ಕೃತ ಆವೃತ್ತಿಯ ಜೊತೆ ಬಂದದ್ದು. ಪ್ರತಿ ಫೈಲ್‌ನ ಗಾತ್ರ ಬರೆದಿಡಲು ಇದರಲ್ಲಿ ಇರುವುದು 32 ಬಿಟ್ ಮಾತ್ರ, ಅಂದರೆ 0 ಅಥವಾ 1 ಬರೆಯುವ 32 ಜಾಗ. ಅರ್ಜಿ ಫಾರಂನಲ್ಲಿ ಹತ್ತೇ ಚೌಕ ಇದ್ದರೆ ಹನ್ನೊಂದನೇ ಅಂಕಿ ಎಲ್ಲಿ ಬರೆಯುತ್ತೀರಿ? ಹಾಗೆಯೇ ಇಲ್ಲೂ 429,49,67,295 ಬೈಟ್ ದಾಟುವಂತಿಲ್ಲ. ಅಂದರೆ 4 ಜಿಬಿಗೆ ಒಂದು ಬೈಟ್ ಕಡಿಮೆ. ಈ ಮಿತಿ ಒಂದೊಂದು ಫೈಲ್‌ಗೆ, ಇಡೀ ಡ್ರೈವ್‌ಗೆ ಅಲ್ಲ. 2 ಜಿಬಿಯ ಹತ್ತು ಫೈಲ್ ಹಾಕಿ, ಆರಾಮಾಗಿ ಕೂರುತ್ತವೆ.

ಮೊದಲು ನೋಡಿಕೊಳ್ಳಿ

'ದಿಸ್ ಪಿಸಿ' ತೆರೆದು ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ. 'ಫೈಲ್ ಸಿಸ್ಟಂ' ಎದುರು ಫ್ಯಾಟ್32 ಎಂದಿದ್ದರೆ ಕಾರಣ ಸಿಕ್ಕಿತು.

ಯಾವುದಕ್ಕೆ ಬದಲಿಸಬೇಕು?

ನನ್ನನ್ನು ಕೇಳಿದರೆ ಎಕ್ಸ್‌ಫ್ಯಾಟ್. ಈಗಿನ ವಿಂಡೋಸ್, ಮ್ಯಾಕ್ ಎರಡರಲ್ಲೂ ಓದಬಹುದು, ಬರೆಯಬಹುದು. ಲಿನಕ್ಸ್‌ನಲ್ಲೂ 2020ರ 5.7 ಕರ್ನಲ್‌ನಿಂದ (ಕರ್ನಲ್ ಎಂದರೆ ಲಿನಕ್ಸ್‌ನ ತಿರುಳು) ಒಳ್ಳೆಯ ಬೆಂಬಲವಿದೆ. 4 ಜಿಬಿಯ ಗೋಳು ಇಲ್ಲವೇ ಇಲ್ಲ. ವಿಂಡೋಸ್‌ನಲ್ಲಷ್ಟೇ ಬಳಸುವ ಹಾರ್ಡ್ ಡಿಸ್ಕ್ ಆದರೆ ಎನ್‌ಟಿಎಫ್‌ಎಸ್ ಚೆನ್ನ. ಆದರೆ ಮ್ಯಾಕ್ ಅದನ್ನು ಓದುತ್ತದೆ ಅಷ್ಟೇ, ಬೇರೆ ತಂತ್ರಾಂಶ ಹಾಕದೆ ಅದರಲ್ಲಿ ಬರೆಯುವುದಿಲ್ಲ. ಹಳೆಯ ಟಿವಿ ಮತ್ತು ಕಾರ್ ಸ್ಟೀರಿಯೊಗಳಲ್ಲಿ ಎಷ್ಟೋ ಫ್ಯಾಟ್32 ಬಿಟ್ಟು ಬೇರೇನನ್ನೂ ಗುರುತಿಸುವುದಿಲ್ಲ. ಟಿವಿಗೆ ಚುಚ್ಚುವ ಪೆನ್‌ಡ್ರೈವ್ ಆದರೆ ಮೊದಲು ಟಿವಿಯ ಕೈಪಿಡಿ ನೋಡಿ.

ಫಾರ್ಮ್ಯಾಟ್ ಮಾಡುವುದು

ಫಾರ್ಮ್ಯಾಟ್ ಮಾಡಿದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ. ಹಾಗಾಗಿ ಬೇಕಾದದ್ದನ್ನು ಮೊದಲು ಕಂಪ್ಯೂಟರ್‌ಗೆ ಕಾಪಿ ಮಾಡಿ, ಒಂದೆರಡು ಫೈಲ್ ತೆರೆದೂ ನೋಡಿ. ಬೇರೆ ಪೆನ್‌ಡ್ರೈವ್, ಹಾರ್ಡ್ ಡಿಸ್ಕ್ ಚುಚ್ಚಿದ್ದರೆ ತೆಗೆದುಬಿಡಿ. 'ಇ' ಡ್ರೈವ್ ಯಾವುದು, 'ಎಫ್' ಯಾವುದು ಎಂಬ ಗೊಂದಲದಲ್ಲಿ ಮಕ್ಕಳ ಫೋಟೊ ಕಳೆದುಕೊಳ್ಳುವುದು ಬೇಡ, ಅಲ್ವಾ?

ಈಗ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ, ಫಾರ್ಮ್ಯಾಟ್ ಒತ್ತಿ. ಮೇಲೆ ಕಾಣುವ ಗಾತ್ರ ನಿಮ್ಮ ಪೆನ್‌ಡ್ರೈವ್‌ನದ್ದೇ ಎಂದು ಖಚಿತ ಮಾಡಿಕೊಳ್ಳಿ (32 ಜಿಬಿಯದ್ದು ಸುಮಾರು 29 ಎಂದು ತೋರಿಸುತ್ತದೆ, ಅದು ಸಹಜ). ಫೈಲ್ ಸಿಸ್ಟಂ ಪಟ್ಟಿಯಲ್ಲಿ ಎಕ್ಸ್‌ಫ್ಯಾಟ್ ಆರಿಸಿ. 'ಅಲೊಕೇಶನ್ ಯೂನಿಟ್' ಇದ್ದ ಹಾಗೇ ಇರಲಿ, ಸುಮ್ನೆ ಕೈ ಹಾಕಬೇಡಿ. 'ಕ್ವಿಕ್ ಫಾರ್ಮ್ಯಾಟ್' ಟಿಕ್ ಇರಲಿ. ಸ್ಟಾರ್ಟ್ ಒತ್ತಿ, ಎಚ್ಚರಿಕೆಗೆ ಓಕೆ ಕೊಡಿ. ಜಾಸ್ತಿ ಹೊತ್ತೇನೂ ಹಿಡಿಯುವುದಿಲ್ಲ. ಮ್ಯಾಕ್‌ನಲ್ಲಾದರೆ ಡಿಸ್ಕ್ ಯುಟಿಲಿಟಿ, ಅಲ್ಲಿ ಇರೇಸ್.

ಅಳಿಸದೆಯೇ ಬದಲಿಸಲು ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಕನ್ವರ್ಟ್' ಎಂಬ ಆಜ್ಞೆ ಇದೆ. ಆದರೆ ಅದು ಫ್ಯಾಟ್32 ಅನ್ನು ಎನ್‌ಟಿಎಫ್‌ಎಸ್‌ಗೆ ಮಾತ್ರ ಒಯ್ಯುತ್ತದೆ, ಎಕ್ಸ್‌ಫ್ಯಾಟ್‌ಗೆ ಅಲ್ಲ. ಆಗಲೂ ಬ್ಯಾಕಪ್ ಇಟ್ಟುಕೊಳ್ಳಿ.

ಫಾರ್ಮ್ಯಾಟ್ ಮಾಡುವಂತಿಲ್ಲ ಎಂದಾದರೆ

ಡ್ರೈವ್ ಬೇರೆಯವರದ್ದಾಗಿದ್ದರೆ ಫೈಲನ್ನೇ ತುಂಡು ಮಾಡಿ. ಉಚಿತವಾಗಿ ಸಿಗುವ 7-ಜಿಪ್ ಎಂಬ ತಂತ್ರಾಂಶದಲ್ಲಿ 'ಆ್ಯಡ್ ಟು ಆರ್ಕೈವ್' ಒತ್ತಿ, 'ಸ್ಪ್ಲಿಟ್ ಟು ವಾಲ್ಯೂಮ್ಸ್' ಪಟ್ಟಿಯಿಂದ 4092 ಎಂಬಿ ಆರಿಸಿ. ವಿಡಿಯೊ ಹೆಚ್ಚೇನೂ ಕುಗ್ಗುವುದಿಲ್ಲ, ಹಾಗಾಗಿ ಕಂಪ್ರೆಶನ್ 'ಸ್ಟೋರ್' ಇರಲಿ, ಸಮಯ ಉಳಿಯುತ್ತದೆ. 001, 002 ಎಂದು ತುಂಡುಗಳು ಬರುತ್ತವೆ. ಎಲ್ಲವನ್ನೂ ಇನ್ನೊಂದು ಕಂಪ್ಯೂಟರ್‌ನ ಒಂದೇ ಫೋಲ್ಡರ್‌ಗೆ ಹಾಕಿ, 001ರ ಮೇಲೆ ರೈಟ್ ಕ್ಲಿಕ್ ಮಾಡಿ ಬಿಡಿಸಬೇಕು. ಈ ತುಂಡುಗಳನ್ನು ನೇರವಾಗಿ ಟಿವಿಗೆ ಹಾಕಿದರೆ ಏನೂ ಓಡುವುದಿಲ್ಲ.

ಎಕ್ಸ್‌ಫ್ಯಾಟ್‌ಗೆ ಒಂದು ದೌರ್ಬಲ್ಯ ಇದೆ. ಎನ್‌ಟಿಎಫ್‌ಎಸ್‌ನಂತೆ ತನ್ನ ಬದಲಾವಣೆಗಳ ದಾಖಲೆಯನ್ನು ಅದು ಇಟ್ಟುಕೊಳ್ಳುವುದಿಲ್ಲ. ಕಾಪಿ ನಡೆಯುವಾಗ ಪೆನ್‌ಡ್ರೈವ್ ಕಿತ್ತರೆ ಫೈಲ್‌ಗಳು ಕೆಡುವ ಅಪಾಯ ಹೆಚ್ಚು. ಕಾಪಿ ಮುಗಿದ ಮೇಲೆ 'ಇಜೆಕ್ಟ್' ಒತ್ತಿಯೇ ತೆಗೆಯಿರಿ.